ಮಗನ್ನ ಆಕ್ಸ್‌ಫರ್ಡ್‌ನ ಕ್ವಾಯರ್ ಸ್ಕೂಲಿಗೆ ಹಾಕಿದ ನಮ್ಮ ಅನುಭವ, ವಾಯ್ಸ್ ಟ್ರಯಲ್‌ನಿಂದ ಕ್ರಿಸ್ಮಸ್ ತನಕ

ನನ್ನ ಮಗ ಈಗ ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕ್ಯಾಥೆಡ್ರಲ್ ಸ್ಕೂಲಿನ್ಯಾಗ ಪ್ರೊಬೇಷನರ್ ಆಗ್ಯಾನ, ಅಂದ್ರ ಕ್ಯಾಥೆಡ್ರಲ್ (ಬಿಷಪ್‌ರ ದೊಡ್ಡ ಚರ್ಚ್) ಕ್ವಾಯರ್‌ಗೆ, ಹಾಡೋ ಮೇಳಕ್ಕ, ಹೊಸದಾಗಿ ಸೇರಿ ಇನ್ನೂ ಕಲೀಲಿಕ್ಕತ್ತಿರೋ ಹುಡುಗ. ಮದ್ಲನೇ ಟರ್ಮ್ ಮುಗೀತು, ಕ್ರಿಸ್ಮಸ್ಸೂ ಮುಗೀತು, ಈಗ ಸ್ವಲ್ಪ ಉಸಿರಾಡ್ಲಿಕ್ಕೆ ಟೈಮ್ ಸಿಕ್ಕದ. ನಾವು ಇದನ್ನ ಶುರು ಮಾಡಿದಾಗ ನಮ್ಮಂಥಾ ಮಂದಿ ಯಾರರ ಹೋಗಿ ಬಂದು ಹೇಳಿದ್ದು ಒಂದೂ ಸಿಗ್ಲಿಲ್ಲ. ಇದೆಲ್ಲಾ ರೊಕ್ಕ ಇದ್ದವ್ರದು, ತಲೆತಲಾಂತರದಿಂದ ಇಲ್ಲೇ ಇದ್ದವ್ರದು, ನಮಗಲ್ಲ ಅಂತ ನಾವೂ ತಿಳ್ಕೊಂಡಿದ್ವಿ. ಹಂಗೇನಿಲ್ರೀ. ಅದಕ್ಕ ಇದ್ದದ್ದು ಇದ್ದಂಗ ಬರೀತೀನಿ, ಯಾರಿಗರ ಉಪಯೋಗ ಆಗ್ಲಿ.

ನಾವು ಧಾರವಾಡದವ್ರು, ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತ ಸಭೆದವ್ರು, ಈಗ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ). ನಾನು ನರ್ಸ್, ಇಂಗ್ಲೆಂಡಿನ ಸ್ವಿಂಡನ್‌ನ್ಯಾಗ ಕೆಲಸ, ನಮ್ಮನೆಯವ್ರು ವೇರ್‌ಹೌಸ್‌ನ್ಯಾಗ ಶಿಫ್ಟ್ ಮಾಡ್ತಾರ. ಮನ್ಯಾಗ ಪಿಯಾನೋ ಇಲ್ಲ, ನಾವಿಬ್ರೂ ಸ್ಟಾಫ್ ನೊಟೇಶನ್ (ಗೆರಿ ಮ್ಯಾಲೆ ಬರೆಯೋ ಸ್ವರಲಿಪಿ) ಓದೂದಿಲ್ಲ. ಆದ್ರ ನಮ್ಮಪ್ಪ ಊರಿನ ಚರ್ಚ್ ಕ್ವಾಯರ್‌ನ್ಯಾಗ ಬೇಸ್, ಅಂದ್ರ ಎಲ್ಲಾಕ್ಕಿಂತ ಕೆಳಗಿನ ದನಿ, ಹಾಡ್ತಿದ್ರು, ಜರ್ಮನ್ ರಾಗದ ಕನ್ನಡ ಭಕ್ತಿಗೀತೆಗಳನ್ನ ನಾಲ್ಕು ದನಿಯೊಳಗ ಹಾಡೋದು ನಮ್ಮ ಕಡೆ ಸಭೆಗಳೊಳಗ ಹಿಂದಿನಿಂದ ನಡ್ಕೊಂಡು ಬಂದದ್ದು, ಮಗ ಅವ್ರ ಬಾಜೂಕ ಕೂತು ಅದನ್ನ ಕೇಳ್ಕೋತನ ದೊಡ್ಡಾಂವ ಆದ. ಇಲ್ಲಿಗೆ ಬಂದ ಮ್ಯಾಲೆ ನಾವು ಹೋಗೋ ಪ್ಯಾರಿಶ್ ಚರ್ಚಿನ ಆರ್ಗನಿಸ್ಟ್, ವಯಸ್ಸಾದವ್ರು, ಒಂದಿನ ಸರ್ವಿಸ್ ಮುಗಿದ ಮ್ಯಾಲೆ ನನ್ನ ನಿಲ್ಲಿಸಿ ಕೇಳಿದ್ರು, ಇವನಿಗೆ ವಯಸ್ಸೆಷ್ಟು, ಯಾವುದಾದ್ರೂ ಕ್ಯಾಥೆಡ್ರಲ್‌ಗೆ ಒಯ್ದು ತೋರಿಸೀರೇನು ಅಂತ. ಏಳು ಅಂದೆ. ಹಂಗಾರ ತಡಾ ಮಾಡಬ್ಯಾಡ್ರಿ ಅಂದ್ರು.

ಇದು ಎಲ್ಲಾಕ್ಕಿಂತ ಮದ್ಲ ತಿಳ್ಕೋಬೇಕಾದ ಮಾತು. ಇಂಥಾ ಸ್ಕೂಲ್‌ಗಳು ಹೆಚ್ಚಾಗಿ ಮಕ್ಕಳು ಇಯರ್ 3ನ್ಯಾಗ ಇದ್ದಾಗ ದನಿ ಕೇಳ್ತಾರ, ಏಳರಿಂದ ಎಂಟೂವರೆ ವರ್ಷದೊಳಗ, ಸೇರೋದು ಇಯರ್ 4ಕ್ಕ. ಹುಡುಗರ ದನಿ ಒಡಿಯೂದ್ರೊಳಗ, ಅಂದ್ರ ಸುಮಾರು ಹದಿಮೂರರ ತನಕ, ಹಾಡ್ತಾರ, ಒಂದ್ ವರ್ಷ ಕಲಿಯೋದ್ರಾಗೇ ಹೋಗ್ತದ, ಅದಕ್ಕ ಸಣ್ಣವರಿದ್ದಾಗೇ ತಗೋತಾರ. ಹತ್ತು ವರ್ಷ ಆದ ಮ್ಯಾಲೆ ನನ್ನ ಮಗ ಭಾಳ ಛಲೋ ಹಾಡ್ತಾನ ಅಂತ ಹೋದ್ರ ಜಾಗ ಸಿಗೂದು ಕಷ್ಟ. ಹೆಣ್ಣುಮಕ್ಕಳಿದ್ದವ್ರೂ ನಿರಾಶೆ ಆಗಬ್ಯಾಡ್ರಿ, 1991ರಾಗ ಸ್ಯಾಲಿಸ್‌ಬರಿ ಕ್ಯಾಥೆಡ್ರಲ್ ಹುಡುಗೇರ ಕ್ವಾಯರ್ ಶುರು ಮಾಡಿದ ಮ್ಯಾಲೆ ಈಗ ಭಾಳ ಕಡೆ ಅವ.

ನಾವು ಓಪನ್ ಡೇಗಳಿಗೆ, ಅಂದ್ರ ಸ್ಕೂಲ್ ನೋಡ್ಲಿಕ್ಕೆ ಬಿಡೋ ದಿನಗಳಿಗೆ, ಹೋಗ್ಲಿಕ್ಕೆ ಶುರು ಮಾಡಿದ್ವಿ, ಫ್ರೀ ಇರ್ತಾವ. ಕ್ರೈಸ್ಟ್ ಚರ್ಚ್ ನೋಡಿದ ದಿನ ನನಗ ನೆನಪದ, ಸ್ಕೂಲ್ ಇರೋದು ಬ್ರೂವರ್ ಸ್ಟ್ರೀಟ್ ಅಂತ ಸಣ್ಣ ಸಂದಿ ಒಳಗ, ಕ್ಯಾಥೆಡ್ರಲ್‌ಗೆ ಎದುರಾಬದುರಾ ಅಂದ್ರೂ ನಡದೀತು, ನಡುವ ಒಂದು ದೊಡ್ಡ ರೋಡ್ ಅಷ್ಟ. ಕಾರ್ಡಿನಲ್ ವುಲ್ಸಿ 1525ರಾಗ ಇಲ್ಲಿ ಕಾಲೇಜ್ ಶುರು ಮಾಡಿದ್ರು, ಹುಡುಗರಿಗೆ ಹಾಡು ಕಲಸ್ಲಿಕ್ಕೆ ಕರ್ಕೊಂಡು ಬಂದದ್ದು ಜಾನ್ ಟ್ಯಾವರ್ನರ್ ಅನ್ನೋ ದೊಡ್ಡ ಸಂಗೀತಗಾರರನ್ನ. ವುಲ್ಸಿ ಅಧಿಕಾರ ಕಳ್ಕೊಂಡ ಮ್ಯಾಲೆ ರಾಜ 8ನೇ ಹೆನ್ರಿ 1546ರಾಗ ಅದನ್ನ ಮತ್ತ ಕಟ್ಟಿ ಕ್ಯಾಥೆಡ್ರಲ್ಲೂ ಅದೇ, ಕಾಲೇಜಿನ ಚಾಪೆಲ್ಲೂ (ಪ್ರಾರ್ಥನಾ ಮಂದಿರವೂ) ಅದೇ ಅಂತ ಮಾಡಿದ್ರು, ಎಂಟು ಹಾಡೋ ಹುಡುಗರ ಓದಿನ ಖರ್ಚನ್ನೂ ಅದರಾಗೇ ಸೇರಿಸಿದ್ರು. ನಮ್ಮನೆಯವ್ರು ಅಲ್ಲಿ ನಿಂತು ಅಂದ್ರು, ಅಂದ್ರ ಇದು ಮದ್ಲಿಂದನೂ ಫೀ ಕಟ್ಟೋರ ಸಲುವಾಗಿ ಮಾಡಿದ್ದಲ್ಲ, ಹಾಡೋ ಹುಡುಗರ ಸಲುವಾಗಿ ಮಾಡಿದ್ದು. ಆ ಮಾತಿನಿಂದ ನಮಗಿಬ್ಬರಿಗೂ ಧೈರ್ಯ ಬಂತು.

ಈಗ ಅಲ್ಲಿ ಕ್ವಾಯರ್ ಹುಡುಗರಷ್ಟೇ ಇಲ್ಲ, ಹೆಚ್ಚಿನವ್ರು ಮುಂಜಾನೆ ಬಂದು ಸಂಜೀಕ ಮನಿಗೆ ಹೋಗೋ ಹುಡುಗರು. ಕ್ಯಾಥೆಡ್ರಲ್‌ನ್ಯಾಗ ಹಾಡೋರು ಬೋರ್ಡಿಂಗ್. ಯಾಕಂದ್ರ ಮುಂಜಾನೆ ಪ್ರಾಕ್ಟೀಸ್, ಸಂಜೀಕ ಈವನ್‌ಸಾಂಗ್ ಅನ್ನೋ ಹಾಡಿನ ಪ್ರಾರ್ಥನೆ, ಭಾನುವಾರ ಮತ್ತ ಸರ್ವಿಸ್, ಇದರ ನಡುವ ಎಲ್ಲಾರಂಗ ಕ್ಲಾಸು, ಆಟ, ಒಂದೋ ಎರಡೋ ವಾದ್ಯದ ಪಾಠ.

ನಿಜ ಹೇಳ್ಬೇಕಂದ್ರ ರೊಕ್ಕದಕ್ಕಿಂತ ಈ ಬೋರ್ಡಿಂಗ್ ಮಾತೇ ನಮ್ಮ ಮನ್ಯಾಗ ಭಾಳ ದಿನ ನಡೀತು. ನಮ್ಮವ್ವಗ ಫೋನ್ ಮಾಡಿದೆ. "ಎಂಟು ವರ್ಷದ ಕೂಸಿನ್ನ ಹಾಸ್ಟೆಲ್‌ನ್ಯಾಗ ಬಿಡ್ತಿಯೇನವಾ, ನಿನಗೇನರ ಬುದ್ಧಿ ಅದನೋ ಇಲ್ಲೋ" ಅಂತ ಬೈದ್ಳು. ಸ್ವಲ್ಪ ಹೊತ್ತು ಗಪ್ಪಾಗಿ ಮತ್ತ ಆಕೀನೇ ಅಂದ್ಳು, "ನಿಮ್ಮ ಅಜ್ಜನೂ ಮಿಶನ್ ಬೋರ್ಡಿಂಗ್‌ನ್ಯಾಗೇ ಬೆಳೆದವ್ರು, ಅವ್ರಿಗೆ ಹಾಡು ಬಂದದ್ದೂ ಅಲ್ಲಿಂದನೇ. ಹುಡುಗನ್ನ ಕೇಳು. ಅವಾ ಹೂಂ ಅಂದ್ರ ನಾ ಏನೂ ಅನ್ನೂದಿಲ್ಲ." ಹುಡುಗನ್ನ ಕೇಳಿದ್ವಿ. ಒಂದೇ ಸಲ ಅಲ್ಲ, ಬ್ಯಾರೆ ಬ್ಯಾರೆ ದಿನ, ಬ್ಯಾರೆ ಬ್ಯಾರೆ ರೀತಿ. ನೀವೂ ಹಂಗೇ ಕೇಳ್ರಿ. ಓಪನ್ ಡೇ ದಿನ ಖುಷಿಯೊಳಗ ಹೂಂ ಅನ್ನೂದು ಬ್ಯಾರೆ, ರಾತ್ರಿ ಮಲಗೂಮುಂದ ಹೂಂ ಅನ್ನೂದು ಬ್ಯಾರೆ.

ಮದ್ಲ ಇನ್ನೊಂದು ಊರಿನ ಕ್ಯಾಥೆಡ್ರಲ್‌ನ್ಯಾಗ ಮಗ ವಾಯ್ಸ್ ಟ್ರಯಲ್, ಅಂದ್ರ ದನಿ ಪರೀಕ್ಷೆ, ಕೊಟ್ಟ, ಅಲ್ಲಿ ಆಗ್ಲಿಲ್ಲ. ಎರಡು ಸಾಲಿನ ಇಮೇಲ್ ಬಂತು, ಅದೂ ಭಾಳ ತಡಾ ಆಗಿ, ಏನು ಕಮ್ಮಿ ಆತು ಅಂತ ಕೇಳಿದ್ರ ಉತ್ತರ ಇಲ್ಲ. ಅವತ್ತು ಮಗಂಗಿಂತ ನಾನೇ ಹೆಚ್ಚು ಅತ್ತೆ. ಆದ್ರ ಆ ಟ್ರಯಲ್‌ನಿಂದ ಒಳಗ ಏನು ಕೇಳ್ತಾರ ಅನ್ನೋದು ಗೊತ್ತಾತು. ಒಂದು ಕಡೆ ಆಗ್ಲಿಲ್ಲ ಅಂದ್ರ ದನಿ ಛಲೋ ಇಲ್ಲ ಅಂತ ಅರ್ಥ ಅಲ್ಲ, ಒಂದೊಂದು ವರ್ಷ ಒಂದೊಂದು ಕಡೆ ಎರಡೋ ಮೂರೋ ಜಾಗ ಇರ್ತಾವ ಅಷ್ಟ. ಕ್ವಾಯರ್ ಸ್ಕೂಲ್ಸ್ ಅಸೋಸಿಯೇಷನ್ ಅಂತ ಅದ, ಅದರೊಳಗ 40ಕ್ಕೂ ಹೆಚ್ಚು ಸ್ಕೂಲ್ ಅವ, ಅವ್ರ ಪಟ್ಟಿ ಹಿಡ್ಕೊಂಡು ನಿಮ್ಮ ಮನಿಗೆ ಸಮೀಪ ಇದ್ದದ್ದು ನೋಡ್ರಿ. ಬೋರ್ಡಿಂಗ್ ಇಲ್ಲದ, ದಿನಾ ಹೋಗಿ ಬರೋ ಕ್ವಾಯರ್‌ಗಳೂ ಭಾಳ ಅವ.

ಟ್ರಯಲ್‌ನ್ಯಾಗ ಕೇಳೋದು ಇಷ್ಟು. ತಯಾರಿ ಮಾಡ್ಕೊಂಡ ಒಂದು ಹಾಡು ಹಾಡಬೇಕು, ಹಿಮ್ (ಚರ್ಚಿನ ಭಕ್ತಿಗೀತೆ) ಆದ್ರೂ ಸಾಕು. ದನಿ ಎಷ್ಟು ಮ್ಯಾಲೆ, ಎಷ್ಟು ಕೆಳಗ ಹೋಗ್ತದ ಅಂತ ಸ್ಕೇಲ್ ಹಾಡಸ್ತಾರ. ಪಿಯಾನೋ ಮ್ಯಾಲೆ ಸಣ್ಣ ರಾಗ ನುಡಿಸಿ ತಿರುಗಿ ಹಾಡು ಅಂತಾರ, ತಾಳ ಚಪ್ಪಾಳೆ ಹೊಡೆದು ತೋರಿಸು ಅಂತಾರ. ಆಮ್ಯಾಲೆ ಎರಡು ಸ್ವರ ಒಮ್ಮೆಲೇ ಒತ್ತಿ ಕೆಳಗಿಂದು ಹಾಡು ಅಂತಾರ, ಮೂರು ಒತ್ತಿ ನಡುವಿಂದು ಹಾಡು ಅಂತಾರ. ಭಾಳ ಮಕ್ಕಳು ತಡವರಿಸೂದು ಇಲ್ಲೇ. ನಮ್ಮ ಮಗಂಗ ಇದು ಸಲೀಸು ಬಂತು, ಅಜ್ಜನ ಬಾಜೂಕ ಕೂತು ನಾಲ್ಕು ದನಿ ಬಿಡಿಸಿ ಕೇಳಿದ ರೂಢಿ ನೋಡ್ರಿ. ಆ ಕಡೆ ಸಭೆಗಳಿಂದ ಬಂದ ಮಕ್ಕಳಿಗೆ ಇದೊಂದು ದೊಡ್ಡ ಆಸ್ತಿ, ನಮಗದು ಗೊತ್ತೇ ಇರೂದಿಲ್ಲ. ಇದರ ಜೊತಿ ಇಂಗ್ಲಿಷ್, ಲೆಕ್ಕದ ಸಣ್ಣ ಪರೀಕ್ಷೆನೂ ಇರ್ತದ, ಜೋರಾಗಿ ಓದಸ್ತಾರ, ಯಾಕಂದ್ರ ದಿನಾ ಹೊಸ ಹೊಸ ಪದ ನೋಡಿದ ಕೂಡ್ಲೇ ಹಾಡಬೇಕಾಗ್ತದ. ವಾದ್ಯ ಬರ್ತಿದ್ರ ನುಡಿಸಬಹುದು, ಬರದಿದ್ರ ನಡೀತದ. ನಾವು ಯಾರೋ ಮಾರ್ಲಿಕ್ಕೆ ಇಟ್ಟಿದ್ದ ಹಳೇ ಕೀಬೋರ್ಡ್ ತಗೊಂಡಿದ್ವಿ, ಆರ್ಗನಿಸ್ಟ್ ಅಜ್ಜಾವ್ರು ಶನಿವಾರ ಬಂದು ಅದರ ಮ್ಯಾಲೇ ಎರಡು ಸ್ವರ, ಮೂರು ಸ್ವರದ ಆಟ ಆಡಿಸ್ತಿದ್ರು. ಒಂದು ಪೆನ್ನಿ ತಗೊಳ್ಳಿಲ್ಲ ಅವ್ರು.

ಟ್ರಯಲ್ ಹಿಂದಿನ ವಾರ ಮಗಂಗ ನೆಗಡಿ ಹತ್ತಿ ಗಂಟಲಾ ಕಟ್ಟಿತು. ಎದಿ ಧಸಕ್ ಅಂತು ನನಗ. ಅಂಜ್ಕೋತನ ಫೋನ್ ಮಾಡಿದೆ, ಅವ್ರು ತಣ್ಣಗ ಇನ್ನೊಂದು ದಿನ ಕೊಟ್ರು. ಇದನ್ನ ನೆನಪಿಡ್ರಿ, ಗಂಟಲಾ ಸರಿ ಇಲ್ಲಾಂದ್ರ ಮುಚ್ಚಿಟ್ಟು ಹೋಗೂದು ಬ್ಯಾಡ, ಹೇಳ್ರಿ.

ಸ್ವಿಂಡನ್‌ನಿಂದ ಆಕ್ಸ್‌ಫರ್ಡ್‌ಗೆ ಹೆಚ್ಚಾಗಿ ಡಿಡ್‌ಕಾಟ್‌ನ್ಯಾಗ ಟ್ರೇನ್ ಬದಲಿ ಮಾಡಿ ಹೋಗಬೇಕು. ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೇಲ್‌ಕಾರ್ಡ್ ಮದ್ಲೇ ಮಾಡಿಸ್ರಿ, ದೊಡ್ಡವ್ರ ಟಿಕೆಟ್ ಮೂರನೇ ಒಂದು ಭಾಗ, ಮಕ್ಕಳದು ಶೇಕಡಾ 60 ಕಮ್ಮಿ ಆಗ್ತದ, ಓಪನ್ ಡೇ, ಟ್ರಯಲ್, ಆಮ್ಯಾಲೆ ವರ್ಷಪೂರ್ತಿ ಹೋಗಿ ಬರೂದ್ರಾಗ ಕಾರ್ಡಿನ ರೊಕ್ಕ ಬಂದೇ ಬರ್ತದ.

ಮಗನ್ನ ಒಳಗ ಕರ್ಕೊಂಡು ಹೋದ ಮ್ಯಾಲೆ ತಂದೆತಾಯಿಗೋಳು ಹೊರಗ. ಅಲ್ಲಿ ನನ್ನ ಜೋಡಿ ಕೂತಿದ್ದ ಒಬ್ರು, ಮಗನ್ನ ಕರ್ಕೊಂಡು ಉತ್ತರದ ಕಡಿಂದ ಬಂದಿದ್ರು, ವಿಲಿಯಂ ವಾಲ್ಟನ್ ಕಥಿ ಹೇಳಿದ್ರು. ದೊಡ್ಡ ಸಂಗೀತಗಾರ, 1937ರಾಗ ಇಲ್ಲಿನ ರಾಜನ ಪಟ್ಟಾಭಿಷೇಕಕ್ಕ ಮೆರವಣಿಗಿ ಸಂಗೀತ ಬರೆದವ್ರು. ಅವ್ರು ಓಲ್ಡಂ ಊರಿನ ಹುಡುಗ, 1912ರಾಗ ಇದೇ ಕ್ವಾಯರ್‌ನ ಟ್ರಯಲ್‌ಗೆ ಬರಬೇಕಿತ್ತು, ಹಿಂದಿನ ದಿನ ಅಪ್ಪ ಟ್ರೇನಿನ ರೊಕ್ಕ ಪಬ್‌ನ್ಯಾಗ ಕುಡದು ಹಾಕಿದ್ರಂತ, ತಾಯಿ ಕಾಯಿಪಲ್ಲೆ ಅಂಗಡಿಯವ್ರ ಹತ್ರ ಕೈಗಡ ತಗೊಂಡು ಕರ್ಕೊಂಡು ಬಂದ್ಳು, ಬರೂದ್ರೊಳಗ ಟ್ರಯಲ್ ಮುಗಿದಿತ್ತು. ತಾಯಿ ಬೇಡ್ಕೊಂಡು ಬೇಡ್ಕೊಂಡು ಮಗನ ಹಾಡು ಕೇಳಿಸಿದ್ಳು, ತಗೊಂಡ್ರು. ಆರು ವರ್ಷ ಅಲ್ಲೇ ಇದ್ರು. ಆ ತಾಯಿ ನನ್ನ ಕಣ್ಣಿಗೆ ಕಟ್ಟಿದಂಗ ಆದ್ಳು, ಇವತ್ತಿಗೂ ಆ ಸಂದಿಯೊಳಗ ನಡೆಯೂಮುಂದ ಆಕೀನ ನೆನಸ್ತೀನಿ.

ಮಗ ಹೊರಗ ಬಂದವನ "ಹಸಿವಿ ಆಗ್ಯದ" ಅಂದ. ಹೆಂಗಾತು ಅಂದ್ರ "ಆತು" ಅಂದ. ಅಷ್ಟ.

ಆಮ್ಯಾಲೆ ಕಾಯೂದು. ನೈಟ್ ಶಿಫ್ಟಿನ್ಯಾಗ ಬ್ರೇಕ್ ಸಿಕ್ಕಾಗೆಲ್ಲಾ ಫೋನ್ ನೋಡೂದು. ಕಡೀಕೆ ಪ್ರೊಬೇಷನರ್ ಆಗಿ ಜಾಗ ಕೊಡ್ತೀವಿ ಅಂತ ಬಂತು, ವಾರ್ಡಿನ ಸ್ಟೋರ್‌ರೂಮಿನ್ಯಾಗ ನಿಂತು ಓದಿದೆ, ಜೊತೆಗಿದ್ದ ಕೇರಳದ ಸಿಸ್ಟರ್ ಒಬ್ರು ಅಲ್ಲೇ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡಿದ್ರು.

ಆಮ್ಯಾಲೆ ಶುರುವಾತು ಕಾಗದಪತ್ರದ ಕೆಲಸ, ನಮಗ ಎಲ್ಲಾಕ್ಕಿಂತ ಹೆಚ್ಚು ದಣಿವಾಗಿದ್ದು ಇದರಾಗೇ. ಕ್ವಾಯರ್ ಹುಡುಗರಿಗೆ ಫೀಯೊಳಗ ದೊಡ್ಡ ರಿಯಾಯಿತಿ ಇರ್ತದ, ಹಾಡಿನ ಸಲುವಾಗಿ. ಉಳಿದದ್ದೂ ನಮ್ಮಂಥವ್ರಿಗೆ ಭಾರನೇ, ಮ್ಯಾಲೆ 2025ರ ಜನವರಿ 1ರಿಂದ ಪ್ರೈವೇಟ್ ಸ್ಕೂಲ್ ಫೀ ಮ್ಯಾಲೆ ಶೇಕಡಾ 20 ವ್ಯಾಟ್ ತೆರಿಗಿ ಬಂದದ. ಅದಕ್ಕ ಬರ್ಸರಿಗೆ, ಅಂದ್ರ ಆದಾಯ ನೋಡಿ ಕೊಡೋ ಫೀ ಸಹಾಯಕ್ಕ, ಅರ್ಜಿ ಹಾಕಬೇಕು. ಇದನ್ನ ನಾಚ್ಕೋಬ್ಯಾಡ್ರಿ, ಟ್ರಯಲ್‌ಗಿಂತ ಮದ್ಲೇ ಕೇಳ್ರಿ, ರೊಕ್ಕದ ಮಾತು ಕೇಳಿದ್ರ ಹುಡುಗನ್ನ ಬ್ಯಾಡ ಅಂತಾರೇನೋ ಅಂತ ನಮಗೂ ಅಂಜಿಕಿ ಇತ್ತು, ಹಂಗಾಗ್ಲಿಲ್ಲ. ಇಬ್ಬರದೂ ಪಿ60 (ವರ್ಷದ ಸಂಬಳ, ತೆರಿಗಿ ಲೆಕ್ಕದ ಕಾಗದ), ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗಿ ಕರಾರು, ಸಾಲ ಇದ್ರ ಸಾಲದ ಕಾಗದ. ಇದೆಲ್ಲಾ ಕೈಯಾಗೇ ಇತ್ತು.

ಸಿಕ್ಕೊಂಡಿದ್ದು ಎಲ್ಲಿ ಅಂದ್ರ, ಆಸ್ತಿ ಯಾವ ದೇಶದಾಗ ಇದ್ರೂ ಬರೀಬೇಕು ಅಂತ ಫಾರ್ಮಿನ್ಯಾಗ ಇತ್ತು. ನಮ್ಮನೆಯವ್ರ ಹೆಸರು ಊರಿನ ಹೊಲದ ಉತಾರದಾಗ ಅಣ್ಣತಮ್ಮಂದಿರ ಜೋಡಿ ಜಂಟಿಯಾಗಿ ಅದ. ಎಕರೆ ಓದಿದವ್ರಿಗೆ ಇವ್ರು ದೊಡ್ಡ ಜಮೀನುದಾರರು ಅನಸ್ತದ, ಖರೇ ನೋಡಿದ್ರ ಮಳಿ ನಂಬಿದ ಭೂಮಿ, ಪಾಲು ಆಗಿಲ್ಲ, ನಮಗ ಅದರಿಂದ ಒಂದು ರೂಪಾಯಿ ಬರೂದಿಲ್ಲ. ಮೈದುನ ಸಹಿ ಶಿಕ್ಕಾ ಇದ್ದ ಉತಾರ ತರ್ಲಿಕ್ಕೆ ಅಡ್ಡಾಡಿದ, ಒಂದಿನ ಸರ್ವರ್ ಇಲ್ಲ, ಒಂದಿನ ಸಾಹೇಬ್ರು ಇಲ್ಲ. ಆಮ್ಯಾಲೆ ಅದನ್ನ ಇಲ್ಲಿ ಸರ್ಟಿಫೈಡ್ ಟ್ರಾನ್ಸ್‌ಲೇಟರ್ ಕಡಿಂದ ಇಂಗ್ಲಿಷ್ ಮಾಡಿಸಬೇಕಾತು, ಗುಂಟೆ ಅಂದ್ರೇನು, ಖರಾಬು ಅಂದ್ರೇನು ಅಂತ ಅವ್ರು ಫೋನ್ ಮಾಡಿ ಕೇಳಿದ್ರು. ಅದರ ಜೋಡಿ ನಾವೊಂದು ಪುಟ ಕಾಗದ ಬರದು ಇಟ್ವಿ, ಇದು ಪಾಲಾಗದ ಆಸ್ತಿ, ಮಾರ್ಲಿಕ್ಕೆ ಎಲ್ಲಾರ ಸಹಿ ಬೇಕು, ಬೆಳಿ ಅಲ್ಲಿದ್ದವ್ರ ಊಟಕ್ಕ ಹೋಗ್ತದ ಅಂತ. ಆ ಒಂದು ಪುಟದಿಂದ ಎಲ್ಲಾ ಸರಳ ಆತು. ಊರಾಗ ಹೊಲಾ ಮನಿ ಇದ್ದವ್ರು ಟ್ರಯಲ್‌ಗೆ ಹೆಸರು ಕೊಟ್ಟ ದಿನದಿಂದನೇ ಉತಾರ ತರಿಸಿ ಇಟ್ಕೋರಿ.

ನಮ್ಮ ವೀಸಾ ಮ್ಯಾಲೆ ಪಬ್ಲಿಕ್ ಫಂಡ್ಸ್ (ಸರ್ಕಾರಿ ನೆರವು) ತಗೊಳ್ಳಂಗಿಲ್ಲ ಅಂತ ಇರ್ತದಲ್ಲ, ಬರ್ಸರಿ ತಗೊಂಡ್ರ ವೀಸಾಕ್ಕ ತೊಂದ್ರಿ ಏನು ಅಂತ ನಾಲ್ಕು ಮಂದಿ ಅಂಜಿಸಿದ್ರು. ಸ್ಕೂಲ್ ತನ್ನ ರೊಕ್ಕದಿಂದ ಕೊಡೋ ಬರ್ಸರಿ ಅದರಾಗ ಬರೂದಿಲ್ಲ. ಸರ್ಕಾರದ ರೊಕ್ಕದ ಸ್ಕೀಮ್‌ಗಳಿಗೆ ಮಾತ್ರ ತಮ್ಮದೇ ಷರತ್ತು ಇರ್ತಾವ, ರೊಕ್ಕ ಎಲ್ಲಿಂದ ಬರ್ತದ ಅಂತ ಬರವಣಿಗ್ಯಾಗ ಕೇಳಿ ಇಟ್ಕೋರಿ. ಈಗ ಬಿಆರ್‌ಪಿ (ವಾಸದ ಪರವಾನಗಿ) ಕಾರ್ಡ್ ಹೋಗಿ ಇ-ವೀಸಾ ಆಗ್ಯದ, ಮಗಂದೂ ಬ್ಯಾರೆ ಅಕೌಂಟ್ ಮಾಡಿ ಅದನ್ನ ಬ್ಯಾರೆಯವ್ರಿಗೆ ತೋರಿಸೋ ಶೇರ್ ಕೋಡ್ ತಗ್ಯೂದು ಕಲ್ಕೋರಿ.

ಮೆಡಿಕಲ್ ಫಾರ್ಮಿನ್ಯಾಗ ಲಸಿಕೆ ತಾರೀಖು ಎಲ್ಲಾ ಬೇಕು. ತಾಯಿ ಕಾರ್ಡ್ ಜೋಪಾನ ಇಟ್ಟಿದ್ದೆ, ಆದ್ರ ನಮ್ಮ ಕಡೆ ಸರ್ಕಾರಿ ದವಾಖಾನ್ಯಾಗ ಹಾಕೋದು ಎಂಆರ್, ದಡಾರ ಮತ್ತ ರುಬೆಲ್ಲಾ ಅಷ್ಟ, ಗದ್ದಬಾವು ಅದರಾಗ ಇಲ್ಲ. ಇಲ್ಲಿ ಅದನ್ನೂ ಕೇಳ್ತಾರ, ಬೋರ್ಡಿಂಗ್‌ನ್ಯಾಗ ಹುಡುಗರು ಒಟ್ಟಿಗಿರ್ತಾರ, ಒಬ್ಬಂಗ ಬಂದ್ರ ಎಲ್ಲಾರಿಗೂ. ಜಿಪಿ (ಇಲ್ಲಿನ ಮನಿ ಡಾಕ್ಟರ್) ಕಡೆ ಮದ್ಲೇ ಹೋಗಿ ಹಾಕಿಸಿದ್ರ ಛಲೋ, ಎರಡು ಡೋಸ್ ನಡುವ ಅಂತರ ಬೇಕಾಗ್ತದ.

ಯೂನಿಫಾರ್ಮ್ ಹೊಸದು ತಗೋಬ್ಯಾಡ್ರಿ, ಸೆಕೆಂಡ್ ಹ್ಯಾಂಡ್ ಎಲ್ಲಾರೂ ತಗೋತಾರ. ಪ್ರತಿಯೊಂದರ ಮ್ಯಾಲೆ, ಸಾಕ್ಸ್ ಸೈತ, ಹೆಸರಿನ ಪಟ್ಟಿ ಹೊಲೀಬೇಕು. ನಮ್ಮನೆಯವ್ರು ರಾತ್ರಿ ಕೂತು ಒಂದೊಂದು ಸಾಕ್ಸಿಗೆ ಆ ಸಣ್ಣ ಪಟ್ಟಿ ಹೊಲದ್ರು, ನಾಲ್ಕೂ ಮೂಲಿಗೆ ಎರಡೆರಡು ಹೊಲಿಗಿ, ನಾ ಮಾಡ್ತೀನಿ ಕೊಡ್ರಿ ಅಂದ್ರ ಕೊಡ್ಲಿಲ್ಲ. ಅಳು ನುಂಗ್ಲಿಕ್ಕತ್ತಾರ ಅಂತ ನನಗ ಗೊತ್ತಿತ್ತು.

ಬಿಟ್ಟು ಬಂದ ದಿನದ ಬಗ್ಗೆ ಹೆಚ್ಚು ಬರೀಲಿಕ್ಕೆ ಆಗೂದಿಲ್ಲ ನನಗ. ಮದ್ಲನೇ ವಾರಗಳು ಕಠಿಣ. ಸಣ್ಣ ಹುಡುಗರ ಕೈಯಾಗ ಮೊಬೈಲ್ ಇರೂದಿಲ್ಲ, ಹೇಳಿದ ಟೈಮಿಗೆ ಅವ್ರೇ ಫೋನ್ ಮಾಡಸ್ತಾರ. ನನ್ನ ಶಿಫ್ಟ್ ಆ ಟೈಮಿಗೆ ಬಿದ್ರ ಆತು, ಆ ದಿನ ಮಾತಿಲ್ಲ. ಮ್ಯಾನೇಜರ್‌ಗೆ ಮದ್ಲೇ ಹೇಳಿ ಇಟ್ಕೋರಿ, ನನಗ ಕೊಟ್ರು ಅವ್ರು ಐದು ನಿಮಿಷ. ಮಗ ಫೋನಿನ್ಯಾಗ ಮದ್ಲ ಹೇಳಿದ್ದು ಗಂಟಿ ಬಗ್ಗೆ. ಕ್ರೈಸ್ಟ್ ಚರ್ಚಿನ ಟಾಮ್ ಟವರ್‌ನ್ಯಾಗ ಗ್ರೇಟ್ ಟಾಮ್ ಅಂತ ದೊಡ್ಡ ಗಂಟಿ ಅದ, ದಿನಾ ರಾತ್ರಿ 9 ಗಂಟೆ 5 ನಿಮಿಷಕ್ಕ 101 ಸಲ ಬಾರಸ್ತದ, ಹಿಂದಿನ ಕಾಲದ ಕಾಲೇಜಿನ 101 ವಿದ್ಯಾರ್ಥಿಗಳ ಲೆಕ್ಕ ಅದು. "ಅಮ್ಮಾ, ನಾ ಎಣಸ್ಕೋತ ಮಲಗ್ತೀನಿ, ಅರವತ್ತಕ್ಕ ನಿದ್ದಿ ಬರ್ತದ" ಅಂದ. ಕೆಲವು ದಿನ ನೂರಾ ಒಂದೂ ಎಣಸ್ದೆ ಅಂದಾಗ ಅವತ್ತು ಅತ್ತಾನ ಅಂತ ತಿಳ್ಕೋತಿದ್ದೆ. ಬೋರ್ಡಿಂಗ್‌ನ್ಯಾಗ ಹುಡುಗರನ್ನ ನೋಡ್ಕೊಳ್ಳೋ ಹೌಸ್ ಮೇಟ್ರನ್‌ಗೆ ಹೇಳ್ದೆ, ಅವ್ರು ರಾತ್ರಿ ಒಂದ್ಸಲ ಹೋಗಿ ನೋಡಿ ಬರ್ತಿದ್ರು. ಹಾಫ್ ಟರ್ಮ್ (ಟರ್ಮಿನ ನಡುವಿನ ರಜಾ) ಆದ ಮ್ಯಾಲೆ ಎಣಿಸೂದು ನಿಂತದ.

ನೀವು ಈವನ್‌ಸಾಂಗಿಗೆ ಹೋಗ್ರಿ. ಇದು ಯಾರೂ ನಮಗ ಹೇಳಿರ್ಲಿಲ್ಲ, ಅದು ಎಲ್ಲಾರಿಗೂ ತೆರೆದ ಪ್ರಾರ್ಥನೆ, ಟಿಕೆಟ್ ಇಲ್ಲ, ಮಗನ್ನ ನೋಡ್ಲಿಕ್ಕೆ ಅಪಾಯಿಂಟ್‌ಮೆಂಟ್ ಬೇಕಿಲ್ಲ. ರಜಾ ಇದ್ದಾಗ ಮಧ್ಯಾಹ್ನದ ಟ್ರೇನ್ ಹಿಡದು ಹೋಗಿ ಕೂಡ್ತೀನಿ. ಇಂಗ್ಲಿಷ್ ಪ್ರಾರ್ಥನಾ ಪುಸ್ತಕದಾಗ 150 ಕೀರ್ತನೆಗಳನ್ನ ತಿಂಗಳ 30 ದಿನಕ್ಕ ಹಂಚ್ಯಾರ, ಹುಡುಗರು ದಿನದ ಪಾಲು ಹಾಡ್ತಾರ, ಆಮ್ಯಾಲೆ ಮರಿಯಳ ಹಾಡು, ಸಿಮೆಯೋನನ ಹಾಡು. ನಮ್ಮ ಮಗ ಇನ್ನೂ ಕ್ವಾಯರ್‌ನವ್ರ ಬಿಳಿ ಮೇಲಂಗಿ ಸರ್ಪ್ಲಿಸ್ ಹಾಕೂದಿಲ್ಲ, ಪ್ರೊಬೇಷನ್ ಮುಗಿಸಿ ಕ್ವಾಯರ್‌ಗೆ ಪೂರ್ತಿ ತಗೊಂಡ ಮ್ಯಾಲೆ ಅದು. ದೊಡ್ಡ ಹುಡುಗನ ಬಾಜೂಕ ನಿಂತು ಅವನ ಬೆರಳು ನೋಡ್ಕೋತ ಸಾಲು ಹಿಡೀತಾನ. ಒಂದ್ಸಲ ತಪ್ಪಿ ಬ್ಯಾರೆ ಪುಟದಾಗ ಇದ್ದ, ದೊಡ್ಡ ಹುಡುಗ ಹಾಡೂದು ನಿಲ್ಲಿಸದ ಎಡಗೈಲೆ ಪುಟ ತಿರುವಿ ಬೆರಳಿಟ್ಟ. ಆ ಹುಡುಗಂಗ ನಾ ಮನಸ್ಸಿನ್ಯಾಗ ಎಷ್ಟು ಆಶೀರ್ವಾದ ಮಾಡಿದ್ನೋ.

ಕಡೀದು, ಕ್ರಿಸ್ಮಸ್. ಬಾಕಿ ಹುಡುಗರಿಗೆಲ್ಲಾ ರಜಾ ಬಿಟ್ಟ ಮ್ಯಾಲೂ ಕ್ವಾಯರ್ ಹುಡುಗರು ಇರಬೇಕು, ಕ್ರಿಸ್ಮಸ್ ದಿನದ ಸರ್ವಿಸ್ ಹಾಡಿದ ಮ್ಯಾಲೇ ಮನಿಗೆ. ಈಸ್ಟರ್‌ಗೂ ಹಂಗ. ಈ ದೇಶದಾಗ ಡಿಸೆಂಬರ್ 25ಕ್ಕ ಟ್ರೇನ್ ಓಡೂದೇ ಇಲ್ಲ, 24ರ ಸಂಜೀಕೇ ನಿಂತು ಬಿಡ್ತಾವ. ನಮ್ಮ ಹತ್ರ ಕಾರ್ ಇಲ್ಲ. ಇದು ನಮಗ ಹೊಳೆದಾಗ ಡಿಸೆಂಬರ್ ಬಂದಾಗಿತ್ತು, ಆಕ್ಸ್‌ಫರ್ಡ್‌ನ್ಯಾಗ ರೂಮು ಕೇಳಿದ್ರ ಕೈ ಸುಡೋ ರೇಟು. ಬೋರ್ಡಿಂಗ್‌ನ ಇನ್ನೊಬ್ಬ ಹುಡುಗನ ತಾಯಿ ನಮ್ಮನ್ನ ತಮ್ಮ ಮನ್ಯಾಗ ಮಲಗಿಸ್ಕೊಂಡ್ರು, ಸರ್ವಿಸ್ ಆದ ಮ್ಯಾಲೆ ಸ್ವಿಂಡನ್ ತನಕ ತಮ್ಮ ಕಾರಿನ್ಯಾಗ ಬಿಟ್ರು, ನಾ ಒಯ್ದಿದ್ದ ಕರಜೀಕಾಯಿ, ಚಕ್ಕುಲಿ ಡಬ್ಬಿ ಅಷ್ಟೂ ಅವ್ರಿಗೇ ಕೊಟ್ಟೆ. ನರ್ಸಿಂಗ್‌ನ್ಯಾಗ ಇದ್ದವ್ರು ಇದೊಂದು ಮಾಡ್ರಿ, ಮಗ ಸೇರಿದ ತಿಂಗಳದಾಗೇ ಡಿಸೆಂಬರ್ 24ರ ರಾತ್ರಿ, 25ರ ಹಗಲು ರಜಾ ಬರದು ಕೊಡ್ರಿ, ಟರ್ಮ್ ಡೇಟ್‌ಗಳ ಜೋಡಿ ಕ್ವಾಯರ್‌ನ ಡೇಟ್‌ಗಳನ್ನ ಬ್ಯಾರೆ ಕೇಳಿ ತಗೋರಿ, ರೂಮು ಬೇಕಾದ್ರ ಆಗಸ್ಟ್‌ನ್ಯಾಗೇ ನೋಡ್ರಿ. ನಾನು ಈ ವರ್ಷದ ಈಸ್ಟರ್‌ದೂ ಕ್ರಿಸ್ಮಸ್‌ದೂ ರಜಾ ನಿನ್ನೆನೇ ಬರದು ಕೊಟ್ಟು ಬಂದೀನಿ.